ಪೂರ್ಣಯ್ಯನ ನಾಲೆ, ದೇವರಾಜ ಮಾರ್ಕೆಟ್ಟು

ಅಮ್ಮ ಮಾರ್ಕೆಟ್ಟಿಗೆ ಹೊರಟರೆ ಚೀಲ ತುಂಬುವುದಕ್ಕೆ ಒಂದು ಕ್ರಮವಿತ್ತು. ತಳಕ್ಕೆ ಈರನಗೆರೆ ಬದನೆಕಾಯಿ, ಕುಂಬಳದ ಹೋಳು. ಅದರ ಮೇಲೆ ರಸಬಾಳೆ ಸಿಕ್ಕಿದರೆ ರಸಬಾಳೆ, ಇಲ್ಲದಿದ್ದರೆ ಏಲಕ್ಕಿ. ಆಮೇಲೆ ಒಂದು ಕವಳಿಗೆ ವೀಳ್ಯದೆಲೆ. ಎಲ್ಲಕ್ಕೂ ಮೇಲೆ, ಬಾಳೆಎಲೆಯಲ್ಲಿ ಸುತ್ತಿದ ಎರಡು ಮಾರು ಮಲ್ಲಿಗೆ. ಹೂವಾಡಗಿತ್ತಿ ಮೊಳಕೈಗೆ ಹಿಡಿದು ಅಳೆದು ಕೊನೆಗೊಂದು ಗೇಣು ಸೇರಿಸಿ, ‘ತಗೊಳ್ಳಿ ಅಕ್ಕ, ಬೋಣಿ’ ಅನ್ನುತ್ತಿದ್ದಳು. ಮೈಸೂರಿನ ಮಾರ್ಕೆಟ್ಟೆಂದರೆ ನನಗೆ ಇವತ್ತಿಗೂ ಆ ಗೇಣು ಹೂವು.

ಅಂಕಿಅಂಶ ಬೇಕೆನ್ನುವವರಿಗೆ ಇಷ್ಟು: 2011ರ ಜನಗಣತಿಯಂತೆ ನಗರದ ಜನಸಂಖ್ಯೆ ಸುಮಾರು 8.9 ಲಕ್ಷ, ಮಾರ್ಕೆಟ್ಟಿನ ವಿಸ್ತೀರ್ಣ ಮೂರು ಎಕರೆಗೂ ಹೆಚ್ಚು, ಮಳಿಗೆಗಳು ಎಂಟುನೂರಕ್ಕೂ ಮೇಲೆ. ಪೂರ್ವಕ್ಕೆ ಸಯ್ಯಾಜಿರಾವ್ ರಸ್ತೆ, ಉತ್ತರಕ್ಕೆ ಧನ್ವಂತರಿ ರಸ್ತೆ, ದಕ್ಷಿಣಕ್ಕೆ ಚಿಕ್ಕ ಗಡಿಯಾರ, ಅದರಾಚೆ ಲ್ಯಾನ್ಸ್‌ಡೌನ್ ಕಟ್ಟಡ. ಮೈಸೂರಿನ ವ್ಯಾಪಾರವೆಲ್ಲ ನೂರು ವರ್ಷಕ್ಕೂ ಮೀರಿ ಈ ಚೌಕದ ಸುತ್ತಲೇ ಸುತ್ತಿದೆ.

ಮಾರ್ಕೆಟ್ಟಿಗೆ ವಯಸ್ಸೆಷ್ಟು ಎಂದು ಕೇಳಿ ನೋಡಿ, ಮೂರು ಜನ ಮೂರು ಉತ್ತರ ಕೊಡುತ್ತಾರೆ. ಇಲ್ಲಿನ ವಾರದ ಸಂತೆಯನ್ನು ಕೆಲವರು ಟಿಪ್ಪುವಿನ ಕಾಲಕ್ಕೆ ಒಯ್ಯುತ್ತಾರೆ. ಕೆಲವರು 1886 ಎನ್ನುತ್ತಾರೆ. ಈಗ ಕಾಣುವ ಸಾಲುಗಳೆಲ್ಲ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದವು ಎಂದು ವಾದಿಸುವವರೂ ಇದ್ದಾರೆ. ಬಹಳ ವರ್ಷ ಈ ಜಗಳ ನನ್ನ ತಲೆ ತಿಂದಿತ್ತು. ಕೊನೆಗೆ ದಾರಿ ತೋರಿದ್ದು ಒಂದು ನಾಲೆ.

ದಿವಾನ್ ಪೂರ್ಣಯ್ಯನವರು ಸಾಗರಕಟ್ಟೆಯ ಕಡೆಯಿಂದ ಕಾವೇರಿ ನೀರನ್ನು ಮೈಸೂರಿಗೆ ತರಬೇಕೆಂದು ನಾಲೆ ತೋಡಿಸಿದರು. ನೀರು ಊರು ಮುಟ್ಟಲಿಲ್ಲ. ನಾಲೆ ಮಾತ್ರ ಊರ ನಡುವೆ ಆಳವಾಗಿ ಉಳಿದು, ಮುಂದಿನ ಎಪ್ಪತ್ತು ಎಂಬತ್ತು ವರ್ಷ ಊರಿನ ಕೊಳೆಯನ್ನೆಲ್ಲ ಹೊತ್ತುಕೊಂಡಿತು. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1886ರ ಸುಮಾರಿಗೆ, ಅದನ್ನು ಮುಚ್ಚಿದರು. ಮುಚ್ಚಿದ ನೆಲದ ಮೇಲೆ ಎದ್ದ ಬೀದಿಯೇ ಬರೋಡದ ಮಹಾರಾಜರ ಹೆಸರು ಹೊತ್ತ ಸಯ್ಯಾಜಿರಾವ್ ರಸ್ತೆ. ಆ ವರ್ಷವೇ ವೈಸರಾಯ್ ಡಫರಿನ್ನರ ನೆನಪಿಗೆ ಚಿಕ್ಕ ಗಡಿಯಾರವೂ ನಿಂತಿತು. ಕೊಳಚೆ ಹರಿಯುವಾಗ ಅದರ ದಂಡೆಯಲ್ಲಿ ಕೂತು ಯಾರು ಹೂ ಮಾರುತ್ತಾರೆ? ಸಂತೆ ಹಳೆಯದಿರಬಹುದು, ಆದರೆ ಅದಕ್ಕೊಂದು ನೆಲೆ ಸಿಕ್ಕಿದ್ದು ನಾಲೆ ಮುಚ್ಚಿದ ಮೇಲೆ. ಮುಂದಿನ ದಶಕಗಳಲ್ಲಿ ವ್ಯಾಪಾರ ಬೆಳೆದ ಹಾಗೆ ಸಾಲಿಗೆ ಸಾಲು ಸೇರಿತು. ಹಾಗಾಗಿ ಆ ಮೂವರ ಉತ್ತರದಲ್ಲೂ ಒಂದೊಂದು ಪಾಲು ಸತ್ಯವಿದೆ ಎಂದೇ ನಾನು ನಂಬಿದ್ದೇನೆ. ಈ ಮಾರ್ಕೆಟ್ಟು ಒಂದೇ ಸಲಕ್ಕೆ ಎದ್ದದ್ದಲ್ಲ, ಹಂತ ಹಂತವಾಗಿ ಬೆಳೆದದ್ದು.

ಹೆಸರು ದೊಡ್ಡ ದೇವರಾಜ ಒಡೆಯರದು. ಚಾಮುಂಡಿಬೆಟ್ಟಕ್ಕೆ ಸಾವಿರ ಮೆಟ್ಟಿಲು ಕಟ್ಟಿಸಿದವರು ಅವರೇ. ಬೆಟ್ಟ ಹತ್ತುವವರೆಲ್ಲ ಅವರನ್ನು ನೆನೆಯುತ್ತಾರೆ, ಮಾರ್ಕೆಟ್ಟಿಗೆ ಬರುವವರು ಮರೆತಿದ್ದಾರೆ. ಹತ್ತಿರದ ಅರಸು ರಸ್ತೆಯನ್ನು ನೋಡಿ, ಇದಕ್ಕೂ ಮುಖ್ಯಮಂತ್ರಿ ದೇವರಾಜ ಅರಸರ ಹೆಸರೇ ಇಟ್ಟದ್ದು ಅಂದುಕೊಂಡ ಕಾಲೇಜು ಹುಡುಗರನ್ನು ಕಂಡಿದ್ದೇನೆ. ಬಾಗಿಲಲ್ಲಿ ನಾಲ್ಕು ಸಾಲಿನ ಒಂದು ಫಲಕ ಹಾಕುವುದಕ್ಕೆ ಎಷ್ಟು ಖರ್ಚಾದೀತು!

ಇನ್ನು ಬೀಳುವ ಕಥೆ. 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ತೀರಿಕೊಂಡರು. 1892ರ ಕಟ್ಟಡ ಅದು. ಹಳೆ ಪುಸ್ತಕದಂಗಡಿಗಳಿಂದಾಗಿ ನಮ್ಮ ತಲೆಮಾರಿನ ವಿದ್ಯಾರ್ಥಿಗಳಿಗೆಲ್ಲ ಎರಡನೇ ಮನೆಯಾಗಿತ್ತು. ನಾಲ್ಕು ವರ್ಷದ ಮೇಲೆ, 2016ರ ಆಗಸ್ಟಿನಲ್ಲಿ, ಧನ್ವಂತರಿ ರಸ್ತೆಯ ಕಡೆ ಮಾರ್ಕೆಟ್ಟಿನ ಉತ್ತರ ಬಾಗಿಲು ಬಿತ್ತು, ಅದೂ ದುರಸ್ತಿ ನಡೆಯುತ್ತಿದ್ದಾಗಲೇ. ಎರಡೂ ಮಳೆಗಾಲದ ಕುಸಿತಗಳು. ಸುಣ್ಣದ ಗಾರೆಯ ಗೋಡೆ ತೇವ ಹೀರಿದರೂ ಬಿಸಿಲಿಗೆ ಬಿಟ್ಟುಕೊಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವಕ್ಕೆ ಹೊರಬರುವ ದಾರಿಯಿಲ್ಲ, ಒಳಗೊಳಗೇ ಗಾರೆ ಸಡಿಲವಾಗುತ್ತದೆ. ಜೊತೆಗೆ ಸೂರಿನ ಸಂದಿಯಲ್ಲಿ ಒಂದು ಅರಳಿ ಸಸಿ ಬೇರು ಬಿಟ್ಟರೆ ಕೇಳುವುದೇ ಬೇಡ.

ಆಮೇಲಿನ ವರ್ಷಗಳೆಲ್ಲ ಕಾಗದದ ಜಗಳದಲ್ಲಿ ಕಳೆದವು. ಕೆಡವಿ ಹೊಸದಾಗಿ ಕಟ್ಟಬೇಕು ಎಂದಿತು ಒಂದು ಪರಿಣತರ ವರದಿ. ದುರಸ್ತಿ ಸಾಧ್ಯ ಎಂದಿತು ಪರಂಪರೆಯ ರಕ್ಷಣೆಗೆ ದುಡಿಯುವ ಸಂಸ್ಥೆ ಇಂಟ್ಯಾಕ್. 2023ರಲ್ಲಿ ಹೈಕೋರ್ಟು ಎರಡೂ ಕಟ್ಟಡ ಕೆಡವುವುದಕ್ಕೆ ಹಸಿರು ನಿಶಾನೆ ತೋರಿತು. ಕೆಡವಬೇಕೆನ್ನುವವರ ಭಯ ನನಗೆ ಅರ್ಥವಾಗುತ್ತದೆ. ನಾಲ್ಕು ಜೀವ ಹೋಗಿದೆ. ಆದರೆ ಎಂಟುನೂರು ಅಂಗಡಿಗಳನ್ನು ಒಟ್ಟಿಗೆ ಎಬ್ಬಿಸಿ, ಎರಡು ಮೂರು ವರ್ಷ ತಗಡಿನ ಶೆಡ್ಡಿನಲ್ಲಿ ಕೂರಿಸಿದರೆ ಹೂವಿನ ವ್ಯಾಪಾರ ಉಳಿಯುವುದಿಲ್ಲ. ಹಳ್ಳಿಯಿಂದ ಬೆಳಗಿನ ಜಾವ ಮೂಟೆ ಹೊತ್ತು ಬರುವ ರೈತನಿಗೆ ತನ್ನ ಮಂಡಿ ಎಲ್ಲಿದೆ ಎಂಬುದು ಕತ್ತಲಲ್ಲೂ ಕಾಲಿಗೇ ಗೊತ್ತು. ಅಲ್ಲಿನ ಸಾಲ, ಮುಂಗಡ, ಲೆಕ್ಕ ಎಲ್ಲವೂ ಪಕ್ಕದಂಗಡಿಯವನ ಬಾಯಿಮಾತಿನ ಮೇಲೆ ನಡೆಯುವಂಥವು. ಪಕ್ಕದವನೇ ಬೇರೆ ಕಡೆಗೆ ಹೋದರೆ ಆ ನಂಬಿಕೆಯನ್ನು ಯಾವ ನಕ್ಷೆಯಲ್ಲಿ ಬರೆದುಕೊಳ್ಳುತ್ತಾರೆ?

ಅದಕ್ಕೇ ನನ್ನ ಹಂಬಲ ಇಷ್ಟು: ಮಾರ್ಕೆಟ್ಟು ಬೆಳೆದ ರೀತಿಯಲ್ಲೇ ಅದನ್ನು ಸರಿಮಾಡಬೇಕು. ಬಿದ್ದ ಉತ್ತರ ಭಾಗವನ್ನೇ ಮೊದಲು ಎತ್ತಿಕೊಳ್ಳಲಿ. ಅದನ್ನು ಸುಣ್ಣದ ಗಾರೆಯಲ್ಲೇ, ಗಾರೆ ಕೆಲಸ ಬಲ್ಲ ಮೇಸ್ತ್ರಿಗಳನ್ನು ಹುಡುಕಿ ತಂದು ಕಟ್ಟಿದರೆ, ಪಕ್ಕದ ಸಾಲಿನವರು ಕೆಲವು ತಿಂಗಳ ಮಟ್ಟಿಗೆ ಅಲ್ಲಿಗೆ ಸರಿಯಬಹುದು. ಅವರ ಸಾಲು ಮುಗಿದಾಗ ಮುಂದಿನವರು ಬಂದಾರು. ಯಾರೂ ಮಾರ್ಕೆಟ್ಟಿನ ಅಂಗಳ ಬಿಟ್ಟು ಆಚೆಗೆ ಹೋಗಬೇಕಾಗಿಲ್ಲ. ಪ್ರತಿ ಬಾಡಿಗೆದಾರನಿಗೂ ಅವನ ಮಳಿಗೆಯ ನಂಬರು, ಅಳತೆ, ಹಿಂದಿರುಗುವ ತಿಂಗಳು ಬರೆದ ಪತ್ರ ಕೈಗೆ ಕೊಡಬೇಕು, ಬಾಯಿಮಾತು ಸಾಲದು. ಅದಕ್ಕೂ ಮುಂಚೆ ಚರಂಡಿ. ನಾಲೆ ಮುಚ್ಚಿದ ನೆಲ ಇದು, ಮಳೆನೀರಿಗೆ ಹೊಸ ದಾರಿ ಮಾಡದೆ ಮೇಲಿನ ಗೋಡೆಗೆ ಎಷ್ಟು ಖರ್ಚು ಮಾಡಿದರೂ ಕೆಳಗಿಂದ ತೇವ ಏರುತ್ತದೆ. ಗೋಡೆಗೆ ಸುತ್ತಿದ ವಿದ್ಯುತ್ ತಂತಿ, ಸಾಲುಗಳ ನಡುವೆ ಕಟ್ಟಿದ ಟಾರ್ಪಾಲು, ಕಂಬಕ್ಕೆ ಹೊಡೆದ ಮೊಳೆ ಇವುಗಳೂ ಮೊದಲ ಹಂತದಲ್ಲೇ ಹೋಗಬೇಕು. ಇದರಲ್ಲಿ ವ್ಯಾಪಾರಿಗಳ ತಪ್ಪೂ ಇದೆ, ಮುಚ್ಚಿಡುವುದಿಲ್ಲ.

ಲ್ಯಾನ್ಸ್‌ಡೌನ್ ಕಟ್ಟಡ ಆಮೇಲೆ.

ಒಂದು ಷರತ್ತು ಮಾತ್ರ ದುರಸ್ತಿ ಕೆಲಸದ ಕರಾರಿನಲ್ಲೇ ಸೇರಬೇಕು. ಜಂಬೂಸವಾರಿ ಹೋಗುವುದು ಈ ಮಾರ್ಕೆಟ್ಟಿನ ಮುಂದೆಯೇ. ನಾನು ಹುಡುಗನಾಗಿದ್ದಾಗ ಅಪ್ಪ ಇದರ ಸೂರಿನ ಮೇಲೆ ಹತ್ತಿಸಿ ಅಂಬಾರಿ ತೋರಿಸಿದ್ದರು. ಈಗ ಮೇಲೆ ಹತ್ತಲು ಬಿಡುವುದಿಲ್ಲ, ಬಿಡಲೂಬಾರದು. ಆದರೆ ದಸರೆಯ ಹತ್ತು ದಿನ, ಅದರಲ್ಲೂ ಆಯುಧಪೂಜೆಯ ಹಿಂದಿನ ಸಂಜೆ, ಸೇವಂತಿಗೆ ಮೂಟೆಗಳು ಬೂದುಗುಂಬಳದ ರಾಶಿಯ ಪಕ್ಕದಲ್ಲಿ ಬಿಚ್ಚಿಕೊಳ್ಳುವ ಹೊತ್ತಿಗೆ, ಯಾವ ಹಂತದ ಕೆಲಸವಿದ್ದರೂ ಸಾರುವೆ ಕಂಬಗಳನ್ನು ಬದಿಗೆ ಸರಿಸಿ ಹೂವಿನ ಸಾಲಿಗೆ ದಾರಿ ಬಿಟ್ಟಿರಬೇಕು.