ತಾನೇ ಓಡುವ ಕರ್ಸರ್: ಬೆರಳ ಕೆಳಗಿನ ಒಂದು ಇತಿಹಾಸ

ಇವತ್ತಿನ ಮಾತು ನನ್ನದೇ ಒಂದು ದಡ್ಡತನದಿಂದ ಶುರುವಾಗುತ್ತೆ.

ಪುಣೆಗೆ ಬಂದ ಹೊಸದರಲ್ಲಿ ಹಳೇ ಕಟ್ಟಡವೊಂದರಲ್ಲಿ ಬಾಡಿಗೆಗಿದ್ದೆ. ಮನೇಲಿ ಲ್ಯಾಪ್‌ಟಾಪ್ ತೆಗೆದು ಕೂತರೆ ಕರ್ಸರ್ ನಡುಗೋದು, ಒಮ್ಮೆಲೇ ಪರದೆಯ ಮೂಲೆಗೆ ಹಾರೋದು, ಬೇಡದ ಫೋಲ್ಡರ್ ತೆರೆಯೋದು. ಆಫೀಸಿನಲ್ಲಿ ಮಾತ್ರ ಏನೂ ಇಲ್ಲ! ಯಾರೋ ದೂರದಿಂದ ಆಡಿಸ್ತಿದ್ದಾರೆ ಅನ್ನಿಸಿಬಿಡ್ತು. ಡ್ರೈವರ್ ಬದಲಿಸಿದೆ, ಆಂಟಿವೈರಸ್ ಓಡಿಸಿದೆ, ಕೊನೆಗೆ ಒಂದು ಶನಿವಾರ ರಾತ್ರಿ ಸಿಟ್ಟಿನಲ್ಲಿ ಫಾರ್ಮ್ಯಾಟ್ ಮಾಡಿಬಿಟ್ಟೆ. ಆಮೇಲೆ ನೆನಪಾಯಿತು, ಹಿಂದಿನ ದೀಪಾವಳಿಗೆ ಊರಿಗೆ ಹೋದಾಗ ಅಜ್ಜಿ ಹಾಡಿದ ಬೀಸುವ ಪದಗಳ ರೆಕಾರ್ಡಿಂಗ್ ಡೆಸ್ಕ್‌ಟಾಪ್ ಮೇಲೇ ಇತ್ತು. ಬೇರೆಲ್ಲೂ ಕಾಪಿ ಇಟ್ಟಿರಲಿಲ್ಲ. ಅಜ್ಜಿ ಅಷ್ಟೊತ್ತಿಗೆ ತೀರಿಕೊಂಡಿದ್ದರು.

ಮರುದಿನ ಬೆಳಿಗ್ಗೆ, ಹೊಸದಾಗಿ ಹಾಕಿದ ವಿಂಡೋಸ್‌ನಲ್ಲಿ, ಕರ್ಸರ್ ಮತ್ತೆ ಹಾರಿತು.

ಆವಾಗ ನಾನು ಕೇಳಬೇಕಿದ್ದ ಪ್ರಶ್ನೆ ಒಂದೇ: ಈ ಕರ್ಸರ್‌ಗೆ ನನ್ನ ಬೆರಳು ಎಲ್ಲಿದೆ ಅಂತ ಗೊತ್ತಾಗೋದಾದರೂ ಹೇಗೆ? ಅದರ ಉತ್ತರ ಮೂವತ್ತು ವರ್ಷದಲ್ಲಿ ಮೂರ್ನಾಲ್ಕು ಸಲ ಬದಲಾಗಿದೆ, ಪ್ರತಿ ಸಲ ಹೊಸ ಕಾಯಿಲೆಯೂ ಬಂದಿದೆ.

ಮೊದಲು ಮೌಸ್. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಕಲ್ಪಿಸಿ, ಬಿಲ್ ಇಂಗ್ಲಿಷ್ ಕಟ್ಟಿಕೊಟ್ಟ ಮರದ ಪುಟ್ಟ ಡಬ್ಬಿ ಅದು. ಅಡಿಯಲ್ಲಿ ಎರಡು ಚಕ್ರ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜನರೆದುರು ತೋರಿಸಿದರು. ಮುಂದೆ ಚಕ್ರದ ಜಾಗಕ್ಕೆ ಗುಂಡು ಬಂತು. ಕಾಲೇಜ್ ಲ್ಯಾಬಿನಲ್ಲಿ ಅದನ್ನು ಬಳಸಿದವರಿಗೆ ನೆನಪಿರುತ್ತೆ: ಕರ್ಸರ್ ತಡವರಿಸಿದರೆ ಮುಚ್ಚಳ ತಿರುಗಿಸಿ, ಗುಂಡು ಹೊರಗೆ ಬೀಳಿಸಿ, ಒಳಗಿನ ರೋಲರ್ ಮೇಲಿನ ಕೊಳೆಯನ್ನ ಉಗುರಲ್ಲಿ ಕೆರೆಯೋದು. ಕಾಯಿಲೆ ಕಣ್ಣಿಗೆ ಕಾಣ್ತಿತ್ತು, ಅದೇ ಅದರ ದೊಡ್ಡ ಗುಣ.

ಲ್ಯಾಪ್‌ಟಾಪ್ ಬಂದಾಗ ಮೌಸ್ ಇಡೋಕೆ ಜಾಗ ಇಲ್ಲ. ಐಬಿಎಂನಲ್ಲಿ ಟೆಡ್ ಸೆಲ್ಕರ್ ಕೀಬೋರ್ಡ್ ಮಧ್ಯದಲ್ಲೇ ಕಡ್ಡಿಯೊಂದನ್ನ ನೆಟ್ಟರು. ಕೈ ಕೀಬೋರ್ಡ್ ಬಿಟ್ಟು ಮೌಸ್‌ಗೆ ಹೋಗಲು ಮುಕ್ಕಾಲು ಸೆಕೆಂಡ್ ವ್ಯರ್ಥ ಅನ್ನೋದು ಅವರ ಚಿಂತೆ. 1992ರ ಥಿಂಕ್‌ಪ್ಯಾಡ್ 700ಸಿಯಲ್ಲಿ ಅದು ಕೆಂಪು ಚುಕ್ಕೆಯಾಗಿ ಬಂತು. ಚುಕ್ಕೆ ಸರಿಯೋದಿಲ್ಲ, ಒತ್ತಡವನ್ನ ಅಳೆಯುತ್ತೆ ಅಷ್ಟೇ. ಹಾಗಾಗಿ ಸೊನ್ನೆ ಯಾವುದು ಅಂತ ಅದು ಆಗಾಗ ತಾನೇ ತೀರ್ಮಾನಿಸಬೇಕು. ನೀವು ಬೆರಳನ್ನ ಒಂದೇ ಸಮ ಒತ್ತಿಟ್ಟರೆ ಅದನ್ನೇ ಸೊನ್ನೆ ಅಂದ್ಕೊಳ್ಳುತ್ತೆ, ಬೆರಳೆತ್ತಿದ ತಕ್ಷಣ ಕರ್ಸರ್ ತಾನಾಗೇ ತೇಲಿ ಹೋಗುತ್ತೆ. ಇದಕ್ಕೆ ಮದ್ದು ಅಂದರೆ ಕೈ ತೆಗೆದು ಕೆಲ ಕ್ಷಣ ಸುಮ್ಮನಿರೋದು. ಆದರೆ ಗಾಬರಿಯಲ್ಲಿ ನಾವು ಮಾಡೋದೇನು? ಇನ್ನೂ ಜೋರಾಗಿ ಒತ್ತೋದು!

ಇನ್ನೊಂದು ಕಡೆ ಆ್ಯಪಲ್. 1991ರಲ್ಲಿ ಬಂದ ಮೊದಲ ಪವರ್‌ಬುಕ್‌ಗಳಲ್ಲಿ ಕೀಬೋರ್ಡನ್ನ ಪರದೆಯ ಕಡೆಗೆ ಹಿಂದಕ್ಕೆ ತಳ್ಳಿ, ಮುಂದೆ ಅಂಗೈ ಊರಲು ಜಾಗ ಬಿಟ್ಟು, ನಡುವೆ ಟ್ರ್ಯಾಕ್‌ಬಾಲ್ ಇಟ್ಟರು. 1994ರ ಪವರ್‌ಬುಕ್ 500 ಸರಣಿಯಲ್ಲಿ ಆ ಬಾಲ್ ಹೋಗಿ ಟಚ್‌ಪ್ಯಾಡ್ ಬಂತು. ನಮ್ಮೆಲ್ಲರ ಲ್ಯಾಪ್‌ಟಾಪ್ ಇವತ್ತಿಗೂ ಅದೇ ನಕ್ಷೆಯಲ್ಲಿದೆ. ಟೈಪ್ ಮಾಡ್ತಾ ಮಾಡ್ತಾ ಕರ್ಸರ್ ಮೇಲಿನ ಸಾಲಿಗೆ ಹಾರುತ್ತಲ್ಲ, ಅದರ ಬೀಜ ಬಿದ್ದಿದ್ದು ಇಲ್ಲೇ: ಅಂಗೈ ಊರುವ ಜಾಗದ ನಟ್ಟನಡುವೆ ಮುಟ್ಟಿದರೆ ಸಾಕು ಅನ್ನೋ ವಸ್ತುವನ್ನ ಇಟ್ಟರು. ಆವತ್ತಿನಿಂದ ಇವತ್ತಿನವರೆಗೂ ಎಂಜಿನಿಯರುಗಳು ಅಂಗೈ ಯಾವುದು, ಬೆರಳು ಯಾವುದು ಅಂತ ಅದಕ್ಕೆ ಪಾಠ ಹೇಳ್ತಾನೇ ಇದ್ದಾರೆ.

ನನ್ನ ಕಾಯಿಲೆ ಮಾತ್ರ ಅಂಗೈಯದ್ದಲ್ಲ. ಟಚ್‌ಪ್ಯಾಡ್ ಅಳೆಯೋದು ಒತ್ತಡವನ್ನಲ್ಲ. ಅದರ ಕೆಳಗೆ ಸಣ್ಣ ಸಣ್ಣ ವಾಹಕಗಳ ಜಾಲ ಇದೆ. ಬೆರಳು ಹತ್ತಿರ ಬಂದರೆ ಅಲ್ಲಿನ ವಿದ್ಯುತ್ ಕ್ಷೇತ್ರ ತುಸು ಬದಲಾಗುತ್ತೆ, ಅಂದರೆ ನಮ್ಮ ಮೈಯೇ ಆ ಸರ್ಕ್ಯೂಟ್‌ನ ಭಾಗ. ಚಾರ್ಜರ್ ಒಳಗೆ ಸೆಕೆಂಡಿಗೆ ಸಾವಿರಾರು ಸಲ ಸ್ವಿಚ್ ಆಗುವ ಸರ್ಕ್ಯೂಟ್ ಇದೆ. ಅದರ ಗದ್ದಲ ಹರಿದುಹೋಗಲು ಅರ್ಥ್ ಬೇಕು. ಅರ್ಥ್ ಇಲ್ಲದಿದ್ದರೆ ಗದ್ದಲ ಲ್ಯಾಪ್‌ಟಾಪಿನ ಮೈಗೇ ಬರುತ್ತೆ. ಲೋಹದ ಮೈ ಸವರಿದರೆ ಜುಮ್ ಅನ್ನುತ್ತಲ್ಲ, ಅದೇ. ಟಚ್‌ಪ್ಯಾಡ್ ಆ ಗದ್ದಲವನ್ನೂ ಬೆರಳಿನ ಚಲನೆ ಅಂತ ಓದ್ಕೊಳ್ಳುತ್ತೆ.

ಚಾರ್ಜರ್ ಕಿತ್ತೆ. ಕರ್ಸರ್ ನಿಂತಿತು. ಹಾಕಿದೆ, ಕುಣಿಯಿತು. ಎರಡೇ ನಿಮಿಷದ ಪರೀಕ್ಷೆ. ಮೊದಲೇ ಮಾಡಿದ್ದರೆ ಅಂತ ಈಗಲೂ ಅನ್ನಿಸುತ್ತೆ.

(ವೈರ್‌ಲೆಸ್ ಮೌಸ್ ಇರೋರಿಗೆ ಒಂದು ಮಾತು: ಯುಎಸ್‌ಬಿ 3.0 ಉಪಕರಣಗಳ ಗದ್ದಲ 2.4 ಗಿಗಾಹರ್ಟ್ಸ್ ರೇಡಿಯೋಗೆ ಅಡ್ಡ ಬರುತ್ತೆ ಅಂತ ಇಂಟೆಲ್ 2012ರಲ್ಲೇ ಬರೆದಿದೆ. ರಿಸೀವರನ್ನ ಹಾರ್ಡ್‌ಡಿಸ್ಕ್ ಪಕ್ಕದ ಪೋರ್ಟಿನಿಂದ ದೂರ ಇಡಿ.)

ಮನೆ ಮಾಲೀಕರಿಗೆ ಹೇಳಿ ಎಲೆಕ್ಟ್ರಿಷಿಯನ್ ಕರೆಸಿದೆ. ಆತ ಸಾಕೆಟ್ ಬಿಚ್ಚಿ ನಕ್ಕ. ಮೂರು ತೂತಿನ ಸಾಕೆಟ್ಟೇನೋ ಸರಿ, ಮೇಲಿನ ದೊಡ್ಡ ತೂತಿನ ಹಿಂದೆ ತಂತಿಯೇ ಇರಲಿಲ್ಲ. ಅವತ್ತು ಸಂಜೆಯೊಳಗೆ ತಂತಿ ಎಳೆದುಕೊಟ್ಟ.

ಅಜ್ಜಿಯ ಪದಗಳಲ್ಲಿ ಎರಡು ನನ್ನ ಸೋದರತ್ತೆಗೆ ಬರ್ತವೆ, ಮೂರನೆಯದು ಅರ್ಧ. ಕಳೆದ ಸಲ ಊರಿಗೆ ಹೋದಾಗ ಕೂರಿಸಿ ಹಾಡಿಸಿದೆ, ಅವತ್ತೇ ಮೂರು ಕಡೆ ಕಾಪಿ ಇಟ್ಟೆ.