ಗಂಧದ ಆನೆ ಕೆತ್ತುವ ಗುಡಿಗಾರರು

ರಾಜಾಜಿನಗರದ ಕಡೆಯವರಿಗೆ ಶ್ರೀಗಂಧ ಅಂದ್ರೆ ಸೋಪ್ ಫ್ಯಾಕ್ಟರಿ. ಅದೇ ಹೆಸರಿನ ಮೆಟ್ರೋ ಸ್ಟೇಷನ್ ಕೂಡ ಇದೆ. ಅದೇ ಮರದಲ್ಲಿ ದೇವರ ಜೊತೆಗೆ ಆನೆ, ನವಿಲು ಕೆತ್ತಿ ಬದುಕಿದವರು ಗುಡಿಗಾರರು. ಸಾಗರ, ಸೊರಬ, ಶಿರಸಿ, ಕುಮಟಾ, ಹೊನ್ನಾವರ ಇವರ ಊರುಗಳು.

ಕೆಲಸ ಕಲಿಯೋದು ಮನೆಯಲ್ಲೇ, ಅಪ್ಪನ ಪಕ್ಕ ಕೂತು. ಬೆಂಡಿನಲ್ಲಿ ಮದುವೆ ಬಾಸಿಂಗ ಮಾಡೋದೂ ಇದೇ ಕೈಗಳು. ಪ್ರಾಣಿ ಕೆತ್ತೋಕೆ ಉಳಿಗಿಂತ ಮೊದಲು ಕಣ್ಣು ಬೇಕು. ಕಾಲು, ಸೊಂಡಿಲಿನಂಥ ಸಣ್ಣ ಭಾಗ ಮರದ ನಾರಿನ ಉದ್ದಕ್ಕೇ ಬರಬೇಕು, ಅಡ್ಡ ಬಂದ್ರೆ ಮುರಿಯುತ್ತೆ. ಗಂಧದ ನಾರು ಒತ್ತಾಗಿರುವುದರಿಂದ ಆನೆಯ ಚರ್ಮದ ಸುಕ್ಕನ್ನೂ ಬಿಡಿಸಬಹುದು.

ಕಷ್ಟ ಇರೋದು ಮರದ್ದೇ. 1792ರಲ್ಲಿ ಟಿಪ್ಪು ಸುಲ್ತಾನ್ ಗಂಧವನ್ನು ರಾಜವೃಕ್ಷ ಅಂತ ಸಾರಿದ. ಆಮೇಲೆ ಬಹುಕಾಲ, ಸ್ವಂತ ಜಮೀನಲ್ಲಿ ಬೆಳೆದ್ರೂ ಮರ ಸರ್ಕಾರದ್ದೇ ಆಗಿತ್ತು. 2001ರ ಕಾನೂನು ತಿದ್ದುಪಡಿ ಬಂದ ಮೇಲೆ ಬೆಳೆದವರೇ ಮಾಲೀಕರು. ಹಾಗಂತ ಕುಶಲಕರ್ಮಿಗೆ ಮರ ಸುಲಭವಾಗಿ ಸಿಗಲ್ಲ. ಪರಿಮಳ ಇರೋದು ಒಳಗಿನ ಕೆಚ್ಚಿನಲ್ಲಿ, ಅದು ಕೆತ್ತುವಷ್ಟು ದಪ್ಪ ಆಗೋಕೆ ದಶಕಗಳೇ ಬೇಕು. ಎಣ್ಣೆಗೂ ಅದೇ ಕೆಚ್ಚು ಬೇಕು. ಉಳಿಯಿಂದ ಉದುರಿದ ಚೂರಿಗೂ ಬೆಲೆ ಇದೆ! ಹಾಗಾಗಿ ಶಿವನೆ, ತೇಗದಲ್ಲೂ ಕೆತ್ತುತ್ತಾರೆ. ಕೈಚಳಕ ಅದೇ, ಸಿಗೋ ದುಡ್ಡು ಮಾತ್ರ ಕಮ್ಮಿ.

ಬೇರೆ ಮರಕ್ಕೆ ಗಂಧದೆಣ್ಣೆ ಸವರಿ ಮಾರೋದು ಇವರ ಹೊಟ್ಟೆಗೇ ಹೊಡೆಯುತ್ತೆ. ಅಂಥದ್ದರ ತಳ ಚೂರು ಕೆರೆದ್ರೆ ಒಳಗೆ ವಾಸನೆ ಇರಲ್ಲ. ಅಂಗಡಿಯವರು ಕೆರೆಯೋಕೆ ಬಿಡದಿದ್ರೆ, ಯಾವ ಮರ ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳಿ.