ಕಿನ್ಶಾಸಾ ನಗರದ ಮಾಟದ ಮಕ್ಕಳು

ಮಾಟದ ಆರೋಪವೆಂದೊಡನೆ ವಾಚಕರಿಗೆ ಹಳೆಯ ಯೂರೋಪಿನ ಚಿತೆಗಳು ನೆನಪಾಗುವುದು ಸಹಜವು. ಮಧ್ಯ ಆಫ್ರಿಕೆಯ ಕಾಂಗೋ ದೇಶದ ರಾಜಧಾನಿಯಾದ ಕಿನ್ಶಾಸಾದಲ್ಲಿಯಾದರೋ ಅದು 1990ರ ಅನಂತರ ಹೊಸ ರೂಪವನ್ನು ತಾಳಿತು. ಅಲ್ಲಿನವರು 'ನ್ಡೋಕಿ' ಎಂದು ಕರೆಯುವ ಮಾಟಗಾರರು ಹಿಂದೆ ಬಹುಮಟ್ಟಿಗೆ ವೃದ್ಧರಾಗಿರುತ್ತಿದ್ದರು. ಈಗ ಆ ಹೆಸರು ಹಸುಳೆಗಳ ಮೇಲೆ ಬಿದ್ದಿತು.

ಇದನ್ನು ಬರಿಯ ಮೂಢನಂಬಿಕೆಯೆಂದು ತಳ್ಳಿಬಿಡುವುದು ಸರಿಯಲ್ಲ. 1996ರಿಂದ 2003ರವರೆಗಿನ ಯುದ್ಧಗಳು, ದಾರಿದ್ರ್ಯ, ಏಡ್ಸ್ ರೋಗ ಇವುಗಳಿಂದ ಅನಾಥರಾದ ಮಕ್ಕಳು ಬಡ ಬಂಧುಗಳ ಮನೆ ಸೇರಿದರು. ಉಣ್ಣುವ ಬಾಯಿ ಹೆಚ್ಚಿತು, ಅನ್ನ ಹೆಚ್ಚಲಿಲ್ಲ. ಅನಾಥನನ್ನು ಹೊರಗಟ್ಟುವುದು ಅಪಕೀರ್ತಿ. ಮಾಟಗಾರನನ್ನು ಹೊರಗಟ್ಟಿದರೆ ಅಪಕೀರ್ತಿಯಿಲ್ಲ! ಆ ನೆವವನ್ನು ಒದಗಿಸಿದವರು 'ಪುನರುಜ್ಜೀವನ'ದ ಹೊಸ ಚರ್ಚುಗಳ ಕೆಲವು ಪಾದ್ರಿಗಳು. ಮನೆಯಲ್ಲಿ ಸಾವಾದರೆ, ಯಜಮಾನನ ಉದ್ಯೋಗ ಹೋದರೆ, ಹಾಸಿಗೆ ಒದ್ದೆಮಾಡುವ ಅಥವಾ ಮೊಂಡು ಹಿಡಿಯುವ ಮಗುವೇ ಕಾರಣವೆಂದು ಅವರು ಸಾರುವರು. ಅನಂತರ 'ವಿಮೋಚನೆ': ದಿನಗಟ್ಟಲೆ ಉಪವಾಸ, ಬಂಧನ, ಕೆಲವೆಡೆ ಹೊಡೆತ. ಹಸಿದ ಮಗುವು ಕಡೆಗೆ ಒಪ್ಪಿಕೊಳ್ಳುವುದು. ಆ ಒಪ್ಪಿಗೆಯೇ ಸಾಕ್ಷ್ಯವಾಗುವುದು. ಬೀದಿಯೇ ಮನೆಯಾದ ಮಕ್ಕಳಲ್ಲಿ ಇಂಥವರು ಬಹು ಮಂದಿ. ಎಲ್ಲ ಚರ್ಚುಗಳೂ ಹೀಗೆಯೇ ಎಂದರೆ ಅನ್ಯಾಯವಾದೀತು. ಅವರಲ್ಲಿ ಅನೇಕರಿಗೆ ಆಶ್ರಯವಿತ್ತವರು ಕ್ಯಾಥೊಲಿಕ್ ಸಭೆಯವರು.

2006ರಲ್ಲಿ ಜಾರಿಗೆ ಬಂದ ಕಾಂಗೋ ಸಂವಿಧಾನದ 41ನೆಯ ವಿಧಿಯು ಮಕ್ಕಳ ಮೇಲೆ ಮಾಟದ ಆರೋಪ ಹೊರಿಸುವುದನ್ನು ಹೆಸರಿಸಿಯೇ ನಿಷೇಧಿಸಿದೆ. ಒಂದು ರಾಷ್ಟ್ರದ ಮೂಲಶಾಸನದಲ್ಲಿ ಈ ಮಾತನ್ನು ಬರೆಯಬೇಕಾಗಿ ಬಂದುದನ್ನು ಗಮನಿಸಬೇಕು. 2009ರ ಮಕ್ಕಳ ರಕ್ಷಣೆಯ ಕಾನೂನು ಅದಕ್ಕೆ ಶಿಕ್ಷೆಯನ್ನೂ ಗೊತ್ತುಮಾಡಿತು. ಆದರೆ ಆರೋಪಿಸುವವರು ಮನೆಯವರೇ ಆದಲ್ಲಿ ಆ ಮಗುವಿನ ಪರವಾಗಿ ದೂರು ಕೊಡತಕ್ಕವರು ವಿರಳ.